ಡಿಶ್‌ವಾಶರ್ ಬಿಸಿಯಾಗ್ತಿಲ್ವಾ? ಮೊದ್ಲು ನೀರು ನೋಡಿ, ಕರೆಂಟ್ ನೋಡಿ, ಆಮೇಲೆ ಹೀಟ್ ಪಂಪ್

ಪಾತ್ರೆ ತೊಳೆಯೋ ಮಷಿನ್ ಸರಿ ಕೆಲ್ಸ ಮಾಡ್ತಿಲ್ಲ ಅಂತ ಯಾರಾದ್ರೂ ಹೇಳಿದ್ರೆ ನಾನು ಕೇಳೋದು ಒಂದೇ ಪ್ರಶ್ನೆ, ಪ್ರೋಗ್ರಾಂ ಮುಗಿದ ತಕ್ಷಣ ಬಾಗಿಲು ತೆಗೆದಾಗ ಮುಖಕ್ಕೆ ಹಬೆ ಹೊಡೆಯುತ್ತಾ ಇಲ್ವಾ. ಹಬೆ ಬರುತ್ತೆ ಅಂದ್ರೆ ತೊಂದ್ರೆ ಬೇರೆ ಎಲ್ಲೋ ಇದೆ. ಹಬೆನೇ ಇಲ್ಲ, ಸ್ಟೀಲ್ ತಟ್ಟೆ ಮುಟ್ಟಿದ್ರೆ ತಣ್ಣಗಿದೆ, ಪ್ಲಾಸ್ಟಿಕ್ ಡಬ್ಬಿಗೆಲ್ಲ ಜಿಡ್ಡು ಹಂಗೇ ಅಂಟಿದೆ, ಸೋಪಿನ ಟ್ಯಾಬ್ಲೆಟ್ ಅರ್ಧ ಕರಗಿ ಅದರ ಗೂಡಲ್ಲೇ ಪೇಸ್ಟ್ ಆಗಿ ಕೂತಿದೆ ಅಂದ್ರೆ ನೀರು ಬಿಸಿ ಆಗ್ತಿಲ್ಲ ಅಂತಲೇ ಅರ್ಥ. ಈ ಮಳೆಗಾಲ ನಮ್ಮನೆ ಮಷಿನಿಗೆ ಆಗಿದ್ದು ಅದೇ, ಕೊನೆಗೆ ಹೀಟ್ ಪಂಪ್, ಅಂದ್ರೆ ಒಳಗೆ ನೀರು ಬಿಸಿ ಮಾಡಿ ಸುತ್ತಿಸೋ ಪಂಪ್, ಬದಲಾಯಿಸಿ ಸರಿ ಮಾಡಿದ್ವಿ, ಆದ್ರೆ ಪಂಪ್ ಬದಲಾಯಿಸೋದು ಇದ್ರಲ್ಲಿ ಚಿಕ್ಕ ಭಾಗ, ಪಂಪೇ ಹೋಗಿದೆ ಅಂತ ಖಾತ್ರಿ ಮಾಡ್ಕೊಳ್ಳೋದು ದೊಡ್ಡ ಭಾಗ, ಅದನ್ನೇ ಇಲ್ಲಿ ವಿವರವಾಗಿ ಬರೀತಿದೀನಿ, ನಮ್ಮ ಮಲೆನಾಡಿನ ಮನೆಗಳಲ್ಲಿ ಈ ತೊಂದ್ರೆ ಬೇರೆ ಬೇರೆ ಕಾರಣಕ್ಕೂ ಬರುತ್ತೆ ಅನ್ನೋದಕ್ಕೆ.

ನಮ್ಮೂರು ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗೋ ದಾರೀಲಿ ಸ್ವಲ್ಪ ಒಳಗೆ. ಅಡಿಕೆ ತೋಟ, ಮನೇಲಿ ಅಪ್ಪಯ್ಯ, ಅಮ್ಮ, ನಾನು, ನಾನು ಮನೆಯಿಂದಲೇ ಕೆಲಸ ಮಾಡೋದು. ಮೂರೇ ಜನಕ್ಕೆ ಡಿಶ್‌ವಾಶರ್ ಯಾಕೆ ಅಂತ ಕೇಳೋರು ಜೂನ್ ಜುಲೈಲಿ ಬಂದು ನೋಡ್ಬೇಕು. ಅಡಿಕೆ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯೋರು ಬಂದ್ರೆ ಬೆಳಗ್ಗೆ ತಿಂಡಿ, ಹತ್ತು ಗಂಟೆ ಟೀ, ಮಧ್ಯಾಹ್ನ ಊಟ ಎಲ್ಲ ನಮ್ಮನೇಲೇ, ಆಮೇಲೆ ಕೊನೆ ಕೊಯ್ಲು, ಸುಲಿಯೋದು ಶುರುವಾದ್ರೆ ಇನ್ನೂ ಜನ. ಅಮ್ಮನ ಕೈ ಬೆರಳ ಸಂದೆಲ್ಲ ನೀರು ತಿಂದು ಬಿಳಿಚಿ ಒಡೆದು ಹೋಗ್ತಿತ್ತು, ಮಳೆಗಾಲ ಪೂರ್ತಿ ಅದು ಮಾಗ್ತಾನೇ ಇರ್ಲಿಲ್ಲ. ಅದನ್ನ ನೋಡಕ್ಕಾಗದೆ ತಂದಿದ್ದು ಈ ಮಷಿನ್. ಹಾಗಾಗಿ ಅದು ಕೆಟ್ಟಾಗ ನನಗೆ ಅದು ಬರೀ ಒಂದು ಸಾಮಾನು ಕೆಟ್ಟ ಹಾಗೆ ಅನಿಸ್ಲಿಲ್ಲ.

ಮೊದ್ಲು ಗೊತ್ತಾಗಿದ್ದೂ ಅಮ್ಮಂಗೇ. "ಇದ್ಯಾಕೋ ತಟ್ಟೆ ಎಲ್ಲ ಮೇಣ ಸವರಿದ ಹಂಗಿದೆ ಕಣೇ" ಅಂದ್ರು. ಮುಟ್ಟಿ ನೋಡಿದ್ರೆ ಹೌದು. ನಾವು ಅಡುಗೆಗೆ ತೆಂಗಿನೆಣ್ಣೆ ಜಾಸ್ತಿ ಬಳಸ್ತೀವಿ, ತೆಂಗಿನೆಣ್ಣೆ ಹೆಚ್ಚುಕಮ್ಮಿ 24 ಡಿಗ್ರಿ ಕೆಳಗೆ ಗಟ್ಟಿಯಾಗುತ್ತೆ, ಮಳೆಗಾಲದಲ್ಲಿ ಬಾಟಲಿ ಒಲೆ ಹತ್ರ ಇಡ್ಲಿಲ್ಲ ಅಂದ್ರೆ ಎಣ್ಣೆ ಸುರಿಯೋದೇ ಇಲ್ವಲ್ಲ, ಹಂಗೆ. ನಮ್ಮ ನಲ್ಲಿ ನೀರಿಗೆ ಥರ್ಮಾಮೀಟರ್ ಹಾಕಿದ್ರೆ ಆಗ 22 ತೋರಿಸ್ತಿತ್ತು. ಅಷ್ಟು ತಣ್ಣೀರಲ್ಲಿ ಮಷಿನ್ ಎರಡು ಗಂಟೆ ತಿರುಗಿದ್ರೂ ಎಣ್ಣೆ ಕರಗಲ್ಲ, ಒಂದು ತಟ್ಟೆಯಿಂದ ಎದ್ದು ಇನ್ನೊಂದಕ್ಕೆ ತೆಳ್ಳಗೆ ಹರಡಿಕೊಳ್ಳುತ್ತೆ ಅಷ್ಟೇ. ಕೋಳಿ ಸಾರಿನ ಪಾತ್ರೆ ಜೊತೆಗಿದ್ರಂತೂ ಕೇಳೋದೇ ಬೇಡ. ಡಿಟರ್ಜೆಂಟಲ್ಲಿ ಅನ್ನದ ಗಂಜಿ, ಮೊಟ್ಟೆ, ಮಾಂಸದ ಅಂಶ ಒಡೆಯೋಕೆ ಅಂತ ಹಾಕಿರೋ ಎಂಜೈಮ್ ಕೂಡ ಚೆನ್ನಾಗಿ ಕೆಲ್ಸ ಮಾಡೋದು 50-60 ಡಿಗ್ರಿ ಆಸುಪಾಸಲ್ಲಿ. ಇನ್ನು ಒಣಗೋದು, ನಮ್ಮ ಮಷಿನಲ್ಲಿ ಅದಕ್ಕೆ ಅಂತ ಬೇರೆ ಫ್ಯಾನ್ ಏನೂ ಇಲ್ಲ, ಕೊನೇ ಜಾಲಿನ ಬಿಸಿ ನೀರಿಂದ ಪಾತ್ರೆಗಳೇ ಕಾದು ಆ ಬಿಸಿಗೆ ನೀರು ಆವಿಯಾಗಿ ಒಳಗಿನ ಸ್ಟೀಲ್ ಗೋಡೆ ಮೇಲೆ ಹನಿಯಾಗಿ ಇಳಿದು ಹೋಗುತ್ತೆ, ಅದೇ ಒಣಗೋ ವಿಧಾನ. ಬಿಸಿ ಇಲ್ಲ ಅಂದ್ರೆ ಒಣಗೋದೂ ಇಲ್ಲ, ಆಷಾಢದ ಹವೆಯಲ್ಲಿ ಒದ್ದೆ ಪಾತ್ರೆ ರಾತ್ರಿ ಪೂರ್ತಿ ಮುಚ್ಚಿಟ್ರೆ ಬೆಳಗ್ಗೆ ಮುಗ್ಗಲು ವಾಸನೆ.

ಇನ್ನು ಹೀಟ್ ಪಂಪ್ ಅಂದ್ರೆ ಎಂತ ಅಂತ ಹೇಳ್ಬೇಕು, ಯಾಕಂದ್ರೆ ಹುಡುಕುವಾಗ ಎಸಿದೆಲ್ಲ ಬರುತ್ತೆ. ಎಸಿಯಲ್ಲಿ ಇರೋ ಗ್ಯಾಸ್ ಕಂಪ್ರೆಸರ್ ಥರದ್ದಲ್ಲ ಇದು. ಡಿಶ್‌ವಾಶರಿನ ತಳದಲ್ಲಿ ಗುಂಡಿ ಥರ ಒಂದು ಸಂಪ್ ಇರುತ್ತೆ, ಮೂರು ನಾಲ್ಕು ಲೀಟರ್ ನೀರು ಅಲ್ಲಿಗೆ ಬರುತ್ತೆ, ಅದೇ ನೀರನ್ನ ಪಂಪ್ ಎಳ್ಕೊಂಡು ನೀರು ಚಿಮ್ಮಿಸೋ ತಿರುಗೋ ಕೈಗಳಿಗೆ ಒತ್ತಿ ಕಳಿಸುತ್ತೆ, ಪಾತ್ರೆ ಮೇಲೆ ಬಿದ್ದು ಫಿಲ್ಟರ್ ದಾಟಿ ಮತ್ತೆ ಸಂಪಿಗೆ ವಾಪಸ್. ಒಂದೇ ನೀರು ಸುತ್ತಿ ಸುತ್ತಿ ಬರೋದು, ಅದಕ್ಕೇ ಇಷ್ಟು ಕಮ್ಮಿ ನೀರಲ್ಲಿ ತೊಳೆಯೋಕಾಗೋದು. ಹಳೇ ಮಷಿನ್‌ಗಳಲ್ಲಿ ಪಂಪ್ ಬೇರೆ, ಗೀಸರಲ್ಲಿ ಇರೋ ಥರ ಕಾಯಿಲ್ ಬೇರೆ. ಈಗಿನ ತುಂಬಾ ಮಷಿನ್‌ಗಳಲ್ಲಿ ಎರಡೂ ಒಂದೇ ಪೀಸು, ಪಂಪಿನ ಹೊಟ್ಟೆಯೊಳಗೇ ಸ್ಟೀಲ್ ಪ್ಲೇಟಿನ ಹಿಂಭಾಗಕ್ಕೆ ಹೀಟರ್ ಗೆರೆಗಳನ್ನ ಪ್ರಿಂಟ್ ಮಾಡಿದ ಹಂಗೆ ಕೂರಿಸಿರ್ತಾರೆ, ನೀರು ಅಲ್ಲಿಂದ ಹರಿದು ಹೋಗುವಾಗಲೇ ಬಿಸಿಯಾಗುತ್ತೆ. ಜಾಗ ಉಳಿಯುತ್ತೆ, ಬೇಗ ಕಾಯುತ್ತೆ, ಅದು ಒಳ್ಳೇದೇ. ಆದ್ರೆ ಹೀಟರ್ ಒಂದು ಹೋದ್ರೆ ಚೆನ್ನಾಗಿರೋ ಮೋಟರನ್ನೂ ಸೇರಿಸಿ ಪೂರ್ತಿ ಪೀಸೇ ಬದಲಾಯಿಸ್ಬೇಕು. ನನಗೆ ಈ ಡಿಸೈನ್ ಬಗ್ಗೆ ಬೇಜಾರಿದೆ.

ನಮ್ಮ ಮಷಿನ್ ಪ್ರೋಗ್ರಾಂ ಕೊನೇಲಿ ಹೀಟರ್ ಎರರ್ ಕೋಡ್ ತೋರಿಸ್ತು. ಸರ್ವೀಸ್‌ನವರಿಗೆ ಫೋನ್ ಮಾಡಿದ್ರೆ ನಿಮ್ಮೂರು ನಮ್ಮ ಏರಿಯಾದಲ್ಲಿ ಬರಲ್ಲ, ಮಷಿನ್ ಶಿವಮೊಗ್ಗಕ್ಕೆ ತನ್ನಿ, ಹೀಟ್ ಪಂಪ್ ಹೋಗಿರುತ್ತೆ, ಅದರ ರೇಟಿಗೆ ಹೊಸದೇ ತಗೊಳ್ಳೋದು ಒಳ್ಳೇದು ಅಂದ್ರು. ಮಷಿನ್ ಮುಖ ನೋಡದೇನೇ. ನಂಗೆ ಸಿಟ್ಟು ಬಂದಿದ್ದು ಅಲ್ಲೇ. ಕೋಡ್ ಹೇಳೋದು ನೀರು ಬೇಕಾದಷ್ಟು ಹೊತ್ತಲ್ಲಿ ಬೇಕಾದಷ್ಟು ಬಿಸಿ ಆಗ್ಲಿಲ್ಲ ಅಂತ ಮಾತ್ರ, ಯಾಕೆ ಆಗ್ಲಿಲ್ಲ ಅಂತ ಅದು ಹೇಳಲ್ಲ. ಪಂಪಿನ ಹೀಟರ್ ಸುಟ್ಟಿರ್ಬಹುದು, ಕರೆಂಟೇ ಸಾಲದೆ ಇರ್ಬಹುದು, ನೀರೇ ಕಮ್ಮಿ ಬಂದಿರ್ಬಹುದು, ಟೆಂಪರೇಚರ್ ನೋಡೋ ಸೆನ್ಸರ್ ತಪ್ಪು ಹೇಳ್ತಿರ್ಬಹುದು, ಬೋರ್ಡಲ್ಲಿರೋ ರಿಲೇ, ಅಂದ್ರೆ ಹೀಟರ್ ಆನ್ ಆಫ್ ಮಾಡೋ ಸ್ವಿಚ್ಚು, ಕೈ ಕೊಟ್ಟಿರ್ಬಹುದು, ವೈರನ್ನ ಇಲಿ ಕಡಿದಿರ್ಬಹುದು. ಇವೆಲ್ಲ ನೋಡದೆ ದುಬಾರಿ ಪಂಪ್ ತರಿಸಿದ್ರೆ ಹಾಕಿದ್ಮೇಲೂ ನೀರು ತಣ್ಣಗೇ ಇರೋ ಸಾಧ್ಯತೆ ಇದೆ.

ನೀರಿಂದ ಶುರು ಮಾಡಿದ್ವಿ. ನಮ್ಮನೆಗೆ ಗುಡ್ಡದ ಅಬ್ಬಿ ನೀರು, ಪೈಪಲ್ಲಿ ತಾನಾಗೇ ಇಳಿದು ಬರುತ್ತೆ. ಇಂಥ ಮಷಿನ್‌ಗಳಿಗೆ ಸಾಮಾನ್ಯವಾಗಿ ಕಮ್ಮಿ ಅಂದ್ರೂ ಅರ್ಧ ಬಾರ್ ಪ್ರೆಶರ್ ಬೇಕು, ಅಂದ್ರೆ ನೀರು ಸುಮಾರು 5 ಮೀಟರ್ ಎತ್ತರದಿಂದ ಬರ್ಬೇಕು. ಅಬ್ಬಿ ನೀರಿಗೆ ಅದೇನೂ ಕಷ್ಟ ಇಲ್ಲ, ಆದ್ರೆ ಹೆಂಚಿನ ಮನೆ ಪಕ್ಕದಲ್ಲಿ ಕಟ್ಟೆ ಮೇಲೆ ಸಿಂಟೆಕ್ಸ್ ಇಟ್ಟು ಅದರಿಂದ ಲೈನ್ ಕೊಟ್ಟೋರಿಗೆ ಈ ಪ್ರೆಶರ್ ಸಿಗೋದೇ ಇಲ್ಲ, ನೋಡ್ಕೊಳ್ಳಿ. ನಮ್ಮ ತೊಂದ್ರೆ ಬೇರೆ, ಜೋರು ಮಳೆ ಬಂದ್ರೆ ನೀರು ಕೆಂಪಾಗಿ ಮರಳು, ಕೊಳೆತ ಎಲೆ ಎಲ್ಲ ಬರುತ್ತೆ. ಮಷಿನಿಗೆ ನೀರಿನ ಪೈಪ್ ಸೇರೋ ಜಾಗದಲ್ಲಿ ಸಣ್ಣ ಜಾಲರಿ ಇರುತ್ತೆ, ನಲ್ಲಿ ಬಂದ್ ಮಾಡಿ ಪೈಪ್ ತಿರುಗಿಸಿ ತೆಗೆದ್ರೆ ಕಾಣುತ್ತೆ, ಅದ್ರಲ್ಲಿ ಕೆಸರು ಗಟ್ಟಿಯಾಗಿ ಕೂತಿತ್ತು. ಹಳೇ ಟೂತ್ ಬ್ರಷಲ್ಲಿ ತಿಕ್ಕಿ ತೊಳೆದ್ವಿ. ಸಂಪಲ್ಲಿ ನೀರು ಸಾಲ್ದೆ ಇದ್ರೆ ಪಂಪಿಗೆ ಗಾಳಿ ಸೇರುತ್ತೆ, ನೀರಿನ ಹರಿವು ಸರಿ ಇಲ್ಲ ಅಂದ್ರೆ ಮಷಿನ್ ಬೇಕಂತಲೇ ಹೀಟರ್ ಆನ್ ಮಾಡಲ್ಲ, ಆನ್ ಮಾಡಿದ್ರೆ ಒಣಗಿದ ಪ್ಲೇಟ್ ಸುಟ್ಟು ಹೋಗುತ್ತೆ ಅಂತ. ಒಳಗಿನ ಫಿಲ್ಟರ್ ಕೂಡ ಅದೇ ಲೆಕ್ಕ, ಸಾಸಿವೆ, ಕರಿಬೇವು, ಮೀನಿನ ಮುಳ್ಳು ಸೇರ್ಕೊಂಡು ನೀರು ಕೆಳಗೆ ಇಳಿಯೋದನ್ನ ತಡೆದ್ರೂ ಪಂಪಿಗೆ ನೀರು ಸಾಲಲ್ಲ. ಜಾಲರಿ ತೊಳೆದ್ಮೇಲೆ ನೀರು ತುಂಬೋ ಸದ್ದೇ ಬದಲಾಯ್ತು, ಆದ್ರೆ ಬಿಸಿ ಮಾತ್ರ ಆಗ್ಲಿಲ್ಲ.

ಆಮೇಲೆ ಕರೆಂಟು. ಇದನ್ನ ನಮ್ಮ ಕಡೆಯೋರು ದಯವಿಟ್ಟು ಗಮನ ಕೊಟ್ಟು ಓದಿ. ಹೀಟರ್ 2400 ವ್ಯಾಟ್ ಅಂತ ಬರೆದಿರೋದು 230 ವೋಲ್ಟ್ ಇದ್ದಾಗ. ವೋಲ್ಟೇಜ್ ಇಳಿದ್ರೆ ಬಿಸಿ ಅದೇ ಪ್ರಮಾಣದಲ್ಲಿ ಕಮ್ಮಿ ಆಗಲ್ಲ, ಅದಕ್ಕಿಂತ ಜಾಸ್ತಿ ಇಳಿಯುತ್ತೆ, ವೋಲ್ಟೇಜಿನ ವರ್ಗದ ಲೆಕ್ಕ ಅದು. 180 ವೋಲ್ಟ್ ಬಂದ್ರೆ ಹೀಟರ್ ಕೊಡೋದು 1500 ವ್ಯಾಟಿಗಿಂತ ಸ್ವಲ್ಪ ಕಮ್ಮಿ, 160 ಆದ್ರೆ ಅರ್ಧಕ್ಕಿಂತ ಕಮ್ಮಿ. ಬೇಸಿಗೇಲಿ ತೋಟದ ಮೋಟರ್‌ಗಳೆಲ್ಲ ಒಟ್ಟಿಗೆ ಓಡೋ ಹೊತ್ತಲ್ಲಿ ಟ್ರಾನ್ಸ್‌ಫಾರ್ಮರಿನಿಂದ ದೂರ ಇರೋ ಮನೆಗಳಲ್ಲಿ ಬಲ್ಬ್ ಮಂಕಾಗೋದು ನಮಗೆಲ್ಲ ಗೊತ್ತಿರೋದೇ, ಆ ಹೊತ್ತಲ್ಲಿ ಡಿಶ್‌ವಾಶರ್ ಹಾಕಿದ್ರೆ ನೀರು ಕಾಯೋಕೆ ಮಷಿನಿಗೆ ಕೊಟ್ಟಿರೋ ಟೈಮೇ ಸಾಲದೆ ಅದು ಹೀಟರ್ ಕೆಟ್ಟಿದೆ ಅಂತ ತಿಳ್ಕೊಳ್ಳಬಹುದು. ಹೀಟರ್ ಚೆನ್ನಾಗೇ ಇರುತ್ತೆ! ಹಾಗಾಗಿ ಮಷಿನ್ ಓಡ್ತಿರುವಾಗಲೇ ಪಕ್ಕದ ಸಾಕೆಟಲ್ಲಿ ವೋಲ್ಟೇಜ್ ನೋಡ್ಬೇಕು, ಆಫ್ ಇದ್ದಾಗ ನೋಡಿದ್ರೆ ಲೆಕ್ಕಕ್ಕಿಲ್ಲ. ನಮ್ಮಲ್ಲಿ ಮಳೆಗಾಲ, ಮೋಟರ್‌ಗಳೆಲ್ಲ ಬಂದ್, 220ರ ಹತ್ರ ಇತ್ತು. ಇನ್ನೊಂದು, ಹೀಟರ್ ಆನ್ ಆದಾಗ ಹತ್ತು ಆಂಪಿಯರ್ ಎಳೆಯುತ್ತೆ, ಮಿಕ್ಸಿ ಹಾಕೋ 6 ಆಂಪ್ ಸಾಕೆಟಿಗೆ ಅಡಾಪ್ಟರ್ ಹಾಕಿ ಕೊಡ್ಬೇಡಿ, 16 ಆಂಪ್ ಪ್ಲಗ್ಗೇ ಬೇಕು, ಅರ್ತಿಂಗ್ ಸರಿ ಇರ್ಲೇಬೇಕು. ಮಳೆಗಾಲದ ಒದ್ದೆ ನೆಲ, ಬರಿಗಾಲು, ನೀರಿನ ಮಷಿನ್, ಅರ್ತಿಂಗ್ ಇಲ್ದೆ ಇದೆಲ್ಲ ಒಟ್ಟಿಗೆ ಸೇರೋದು ಪ್ರಾಣಕ್ಕೆ ಬರೋ ವಿಷಯ.

ಎರಡೂ ಸರಿ ಇದೆ ಅಂದ್ಮೇಲೆ ಮಷಿನ್ ಬಿಚ್ಚಬೇಕಿತ್ತು. ತೀರ್ಥಹಳ್ಳಿಲಿ ನಮ್ಮ ತೋಟದ ಮೋಟರನ್ನ ಯಾವಾಗಲೂ ನೋಡೋ, ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತೋ ರಿವೈಂಡಿಂಗ್ ಅಂಗಡಿಯ ಅಣ್ಣ ಇದ್ದಾರೆ, ಅಪ್ಪಯ್ಯ ಅವ್ರಿಗೆ ಹೇಳಿದ್ರು. "ಗೌಡ್ರೆ, ನಾನು ಪಾತ್ರೆ ತೊಳೆಯೋ ಮಷಿನ್ ಇವತ್ತಿನ ತನಕ ಬಿಚ್ಚಿಲ್ಲ, ಆದ್ರೆ ಒಳಗಿರೋದು ಮೋಟರು ಹೀಟರೇ ಅಲ್ವಾ, ಬರ್ತೀನಿ" ಅಂತ ಭಾನುವಾರ ಬಂದ್ರು. ಅವ್ರು ಮೊದ್ಲು ಮಾಡಿದ್ದು ಪ್ಲಗ್ ಕಿತ್ತು ಅದನ್ನ ನನ್ನ ಕೈಗೆ ಕೊಟ್ಟಿದ್ದು. "ತಂಗಿ, ಇದು ನಿನ್ ಹತ್ರ ಇರ್ಲಿ, ಯಾರು ಕೇಳಿದ್ರೂ ಹಾಕ್ಬೇಡ" ಅಂದ್ರು. ಕೆಲಸ ಗೊತ್ತಿರೋರು ಹಿಂಗೇ ಇರ್ತಾರೆ.

ನಲ್ಲಿ ಬಂದ್ ಮಾಡಿ, ಪೈಪ್‌ಗಳನ್ನ ಬಿಚ್ಚಿ, ಬುಟ್ಟಿಗಳನ್ನೆಲ್ಲ ಹೊರಗೆ ತೆಗೆದು, ಸಂಪಲ್ಲಿ ಉಳಿದ ನೀರನ್ನ ಸ್ಪಂಜಲ್ಲಿ ಹೀರಿ ತೆಗೆದ್ವಿ. ಎಷ್ಟೇ ತೆಗೆದ್ರೂ ಒಳಗೆ ನೀರು ಉಳಿದೇ ಇರುತ್ತೆ, ಮಲಗಿಸಿದ ತಕ್ಷಣ ಸುರಿಯುತ್ತೆ, ಹಳೇ ಪಂಚೆ ಟವೆಲ್ ಎಲ್ಲ ರೆಡಿ ಇಟ್ಕೊಳ್ಳಿ. ಜಗಲಿ ಮೇಲೆ ಕಂಬಳಿ ಹಾಸಿ ಮಷಿನನ್ನ ಬೆನ್ನ ಮೇಲೆ ಮಲಗಿಸಿದ್ವಿ. ತಳದ ಟ್ರೇ ಬಿಚ್ಚುವಾಗ ಅದಕ್ಕೆ ಒಂದು ಸಣ್ಣ ಸ್ವಿಚ್ ವೈರ್ ಹೋಗಿರುತ್ತೆ, ಟ್ರೇಯೊಳಗೆ ನೀರು ಸೋರಿ ನಿಂತ್ರೆ ಥರ್ಮೋಕೋಲ್ ತುಂಡು ತೇಲಿ ಮೇಲೆ ಬಂದು ಆ ಸ್ವಿಚ್ ಒತ್ತಿ ಮಷಿನ್ ನಿಲ್ಲಿಸೋ ಏರ್ಪಾಡು ಅದು, ರಪ್ಪಂತ ಎಳೆದ್ರೆ ವೈರ್ ಕಿತ್ತು ಬರುತ್ತೆ. ತಗಡಿನ ಅಂಚುಗಳು ಕತ್ತಿ ಥರ ಇರ್ತವೆ, ಕೈಗೆ ಗ್ಲೌಸ್ ಹಾಕ್ಕೊಳ್ಳಿ. ಟ್ರೇ ತೆಗೆದ್ರೆ ಮೂಲೇಲಿ ಅಡಿಕೆ ಸಿಪ್ಪೆ, ಬಟ್ಟೆ ಚೂರು, ಇಲಿ ಗೂಡು ಕಟ್ಟೋಕೆ ಶುರು ಮಾಡಿತ್ತು. ಬೆಚ್ಚಗಿನ ಜಾಗ ಅಲ್ವಾ ಅದಕ್ಕೆ. ಪುಣ್ಯಕ್ಕೆ ವೈರ್ ಮುಟ್ಟಿರ್ಲಿಲ್ಲ, ಒಂದೊಂದನ್ನೂ ಟಾರ್ಚ್ ಹಾಕಿ ಉದ್ದಕ್ಕೂ ನೋಡಿದ್ವಿ.

ಪಂಪಿನ ಹೀಟರ್ ಕನೆಕ್ಟರ್ ಕಿತ್ತು, ದಪ್ಪ ವೈರ್ ಹೋಗೋದು ಅದು, ಎರಡು ಪಿನ್ ಮಧ್ಯೆ ಮಲ್ಟಿಮೀಟರ್ ಇಟ್ವಿ. 2400 ವ್ಯಾಟ್ ಹೀಟರಿಗೆ 22 ಓಮ್ ಹತ್ರ ಬರ್ಬೇಕು, 230ನ್ನ 230ರಿಂದ ಗುಣಿಸಿ ವ್ಯಾಟಿಂದ ಭಾಗಿಸಿದ್ರೆ ಯಾವ ಹೀಟರಿಗಾದ್ರೂ ಎಷ್ಟು ಬರ್ಬೇಕು ಅಂತ ಸಿಗುತ್ತೆ, 2000 ವ್ಯಾಟ್ ಆದ್ರೆ 26 ಚಿಲ್ಲರೆ. ನಮ್ಮದ್ರಲ್ಲಿ ಏನೂ ತೋರಿಸ್ಲಿಲ್ಲ, ಪೂರ್ತಿ ಓಪನ್, ಒಳಗಿನ ಗೆರೆ ಎಲ್ಲೋ ಕಡಿದು ಹೋಗಿದೆ ಅಂತ ಅರ್ಥ. ಅಲ್ಲಿಗೆ ನಿಲ್ಲಿಸ್ಲಿಲ್ಲ ಅಣ್ಣ, ಪಿನ್ನಿಗೂ ಪಂಪಿನ ಸ್ಟೀಲ್ ಬಾಡಿಗೂ ಮಧ್ಯೆ ನೋಡಿದ್ರು, ಅಲ್ಲಿ ಏನೂ ಬರಬಾರದು, ಬಂದ್ರೆ ಕರೆಂಟ್ ಬಾಡಿಗೆ ಲೀಕ್ ಆಗ್ತಿದೆ ಅಂತ. ಹೀಟರ್ ಆನ್ ಆಗೋ ಹೊತ್ತಿಗೆ ಸರಿಯಾಗಿ ಮನೆಯ ಇಎಲ್‌ಸಿಬಿ (ಕರೆಂಟ್ ಲೀಕ್ ಆದ್ರೆ ಲೈನ್ ಕಡಿಯೋ ಸ್ವಿಚ್) ಟ್ರಿಪ್ ಆಗುತ್ತೆ ಅನ್ನೋರದ್ದು ಹೆಚ್ಚಾಗಿ ಇದೇ ಕೇಸು. ಮೋಟರಿನ ಮೂರು ವೈರ್‌ಗಳಲ್ಲಿ ಯಾವ ಎರಡು ಹಿಡಿದ್ರೂ ಒಂದೇ ರೀಡಿಂಗ್ ಬಂತು, ಮೋಟರ್ ಚೆನ್ನಾಗಿದೆ. ಟೆಂಪರೇಚರ್ ಸೆನ್ಸರನ್ನ ಅಂಗೈಯಲ್ಲಿ ಮುಚ್ಚಿ ಹಿಡಿದ್ರೆ ಓಮ್ ನಿಧಾನಕ್ಕೆ ಇಳಿತಾ ಬಂತು, ಬಿಸಿ ಏರಿದ್ರೆ ಇಳಿಯೋದೇ ಅದರ ಗುಣ, ಅದೂ ಸರಿ ಇದೆ. ಬೋರ್ಡ್ ತೆಗೆದು ರಿಲೇ ಕಾಲುಗಳ ಬೆಸುಗೆ ಭೂತಗನ್ನಡಿ ಇಟ್ಟು ನೋಡಿದ್ವಿ. ಹತ್ತು ಆಂಪಿಯರ್ ಹೊತ್ತು ಹೊತ್ತು ಬೆಸುಗೆ ಸುತ್ತ ಉಂಗುರದ ಥರ ಸಣ್ಣ ಬಿರುಕು ಬರೋದು ಇಂಥ ಮಷಿನ್‌ಗಳಲ್ಲಿ ಸಾಮಾನ್ಯ, ಹಂಗಿದ್ರೆ ಸ್ವಲ್ಪ ಸೀಸದ ಬೆಸುಗೆ ಹಾಕಿದ್ರೆ ಮುಗೀತು, ಪಂಪ್ ತರೋದೇ ಬೇಡ. ಎಷ್ಟೋ ಒಳ್ಳೇ ಪಂಪ್‌ಗಳು ಇದೊಂದು ನೋಡದೆ ಗುಜರಿಗೆ ಹೋಗಿರ್ತವೆ ಅಂತ ನನ್ನ ನಂಬಿಕೆ. ನಮ್ಮದ್ರಲ್ಲಿ ಬೆಸುಗೆ ಚೆನ್ನಾಗಿತ್ತು. ಹೀಟರೇ ಹೋಗಿರೋದು ಅಂತ ಅಲ್ಲಿಗೆ ಖಾತ್ರಿ ಆಯ್ತು.

"ಅಣ್ಣಾ, ಹೀಟರ್ ಒಂದನ್ನೇ ಏನಾದ್ರೂ ಮಾಡಕ್ಕಾಗಲ್ವಾ" ಅಂತ ಕೇಳ್ದೆ. ಅವ್ರು ಪಂಪನ್ನ ತಿರುಗಿಸಿ ತಿರುಗಿಸಿ ನೋಡಿ "ಇಲ್ಲ ತಂಗಿ, ಇದು ಸುತ್ತೋ ಐಟಂ ಅಲ್ಲ, ಸುತ್ತೋ ಹಂಗಿದ್ರೆ ನಾಳೆನೇ ಮಾಡ್ಕೊಡ್ತಿದ್ದೆ" ಅಂದ್ರು. ಅವರ ಮುಖದಲ್ಲೂ ಬೇಜಾರಿತ್ತು, ಜೀವಮಾನ ಪೂರ್ತಿ ಸುಟ್ಟ ಮೋಟರಿಗೆ ಜೀವ ಕೊಟ್ಟ ಕೈ ಅದು.

ಯಾಕೆ ಹೋಯ್ತು ಅನ್ನೋದನ್ನೂ ಹುಡುಕಿದ್ವಿ, ಕಾರಣ ಉಳಿದುಬಿಟ್ರೆ ಹೊಸದೂ ಹೋಗುತ್ತಲ್ಲ. ಬೇರೆ ಕಡೆ ಹೀಟರ್ ಹೋಗೋಕೆ ದೊಡ್ಡ ಕಾರಣ ಗಡಸು ನೀರು, ಸುಣ್ಣ ಪದರ ಪದರ ಕಟ್ಟಿ ಹೀಟರಿನ ಬಿಸಿ ನೀರಿಗೆ ಹೋಗದೆ ಒಳಗೇ ಉಳಿದು ಸುಡುತ್ತೆ. ಗಂಗಾ ಸ್ನಾನ ತುಂಗಾ ಪಾನ ಅಂತ ಹೆಸರು ಮಾಡಿರೋ ನೀರಿನ ಸೀಮೆ ನಮ್ಮದು, ಬಚ್ಚಲ ಹಂಡೆಯೊಳಗೂ ಸುಣ್ಣ ಕಟ್ಟಲ್ಲ, ಪಂಪ್ ಒಳಗೂ ಬಿಳಿ ಪದರ ಇರ್ಲಿಲ್ಲ. ನೀರು ಇಷ್ಟು ಮೆತ್ತಗಿದ್ರೆ ಮಷಿನಿನ ಗಡಸು ನೀರಿನ ಸೆಟ್ಟಿಂಗನ್ನ ಸೊನ್ನೆಗೆ ಇಡಬಹುದು, ನೀರು ಮೆತ್ತಗೆ ಮಾಡೋಕೆ ಮಷಿನಿಗೆ ಉಪ್ಪು ಹಾಕೋ ಖರ್ಚೂ ಉಳಿಯುತ್ತೆ. ನಮ್ಮ ಪಂಪಲ್ಲಿ ಕಂಡಿದ್ದು ಬೇರೆ, ಹೀಟರ್ ಪ್ಲೇಟಿನ ಸೀಲ್ ಹತ್ರ ಕಂದು ಬಣ್ಣದ ನೀರಿನ ಕಲೆ. ರಬ್ಬರ್ ಸೀಲ್ ಹಳೇದಾಗಿ ಸಣ್ಣಗೆ ಜಿನುಗಿ ತೇವ ಹಿಂದಿನ ಗೆರೆ ತನಕ ಹೋಗಿರ್ಬೇಕು ಅಂತ ಅಣ್ಣನ ಅಂದಾಜು, ನನಗೂ ಅದೇ ಸರಿ ಅನ್ಸುತ್ತೆ. ಜಾಲರಿ ಕಟ್ಟಿ ನೀರು ಕಮ್ಮಿ ಬರ್ತಿದ್ದಿದ್ದೂ ಅದಕ್ಕೆ ಸೇರಿರ್ಬಹುದು. ಈಗ ಅಬ್ಬಿ ಲೈನಿಗೆ ಮನೆ ಹೊರಗೇ ಒಂದು ತೊಳೆಯೋಕೆ ಬರೋ ಫಿಲ್ಟರ್ ಕೂರಿಸಿದೀವಿ.

ಪಾರ್ಟ್ ತರಿಸುವಾಗ ಮಷಿನ್ ಮಾಡೆಲ್ ಹೇಳಿದ್ರೆ ಸಾಲಲ್ಲ. ಬಾಗಿಲ ಅಂಚಲ್ಲಿರೋ ಪ್ಲೇಟಿನ ಪೂರ್ತಿ ನಂಬರ್, ಪಂಪಿನ ಮೇಲೇ ಅಂಟಿಸಿರೋ ಸ್ಟಿಕರ್ ನಂಬರ್, ಎರಡರ ಫೋಟೋನೂ ಕಳಿಸಿ. ನೋಡೋಕೆ ಒಂದೇ ಥರ ಇರೋ ಪಂಪ್‌ಗಳಲ್ಲಿ ಕನೆಕ್ಟರ್ ಬೇರೆ ಇರುತ್ತೆ, ವ್ಯಾಟ್ ಬೇರೆ ಇರುತ್ತೆ. ಬೆಂಗಳೂರಿನ ಒಬ್ಬ ಸ್ಪೇರ್ ಪಾರ್ಟ್ಸ್‌ನವರ ಹತ್ರ ಹೊಸದು ಸಿಕ್ತು, ರಾತ್ರಿ ಬಸ್ಸಿಗೆ ಹಾಕಿದ್ರು, ಬೆಳಗ್ಗೆ ಅಪ್ಪಯ್ಯ ತೀರ್ಥಹಳ್ಳಿ ಬಸ್ ಸ್ಟ್ಯಾಂಡಿಗೆ ಹೋಗಿ ಇಳಿಸ್ಕೊಂಡು ಬಂದ್ರು. ಹೊಸ ಮಷಿನಿಗೆ ಕೊಡೋ ದುಡ್ಡಿನ ಮುಂದೆ ಇದರ ಖರ್ಚು ಏನೇನೂ ಅಲ್ಲ. ರೀಕಂಡೀಶನ್ ಮಾಡಿದ್ದು ಇನ್ನೂ ಅಗ್ಗಕ್ಕೆ ಸಿಗ್ತಿತ್ತು, ಸೀಲ್ ಎಷ್ಟು ಹಳೇದೋ ಗೊತ್ತಾಗಲ್ವಲ್ಲ ಅಂತ ಬೇಡ ಅಂದ್ವಿ.

ಇಲ್ಲಿ ಒಂದು ಮಾತು ಹೇಳ್ಲೇಬೇಕು. ಯುರೋಪಲ್ಲಿ 2021ರ ಮಾರ್ಚ್‌ನಿಂದ ಒಂದು ನಿಯಮ ಇದೆ, ಡಿಶ್‌ವಾಶರ್ ಮಾಡೋರು ಒಂದು ಮಾಡೆಲ್ಲಿನ ಕೊನೇ ಮಷಿನ್ ಮಾರುಕಟ್ಟೆಗೆ ಬಿಟ್ಟ ಮೇಲೂ ಕಮ್ಮಿ ಅಂದ್ರೆ 7 ವರ್ಷ ಮೋಟರ್, ಪಂಪ್, ಹೀಟರ್ ಎಲ್ಲ ರಿಪೇರಿ ಮಾಡೋರಿಗೆ ಸಿಗೋ ಹಂಗೆ ಇಡಬೇಕು, ಕೇಳಿದ್ರೆ 15 ಕೆಲಸದ ದಿನದೊಳಗೆ ಕಳಿಸ್ಬೇಕು, ಆ ಪಟ್ಟಿಯಲ್ಲಿ ಹೀಟ್ ಪಂಪಿನ ಹೆಸರೂ ಇದೆ. ಬಾಗಿಲ ರಬ್ಬರ್, ಬುಟ್ಟಿ, ತಿರುಗೋ ಕೈ ಇಂಥವು ಬಳಸೋ ಜನರಿಗೇ 10 ವರ್ಷ ಸಿಗ್ಬೇಕು. ನಮ್ಮ ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರ ಇಲಾಖೆ 2022ರ ಡಿಸೆಂಬರಲ್ಲಿ ರೈಟ್ ಟು ರಿಪೇರಿ ಅಂತ ಪೋರ್ಟಲ್ ಶುರು ಮಾಡ್ತು, ಕೃಷಿ ಉಪಕರಣ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಗೃಹೋಪಯೋಗಿ ಸಾಮಾನು, ವಾಹನ ಈ ನಾಲ್ಕು ವಿಭಾಗ ಇಟ್ಕೊಂಡು. ಒಳ್ಳೇ ಹೆಜ್ಜೆ. ಆದ್ರೆ ಇಷ್ಟು ವರ್ಷ ಪಾರ್ಟ್ ಇಡಲೇಬೇಕು, ಇಷ್ಟು ದಿನದಲ್ಲಿ ಕೊಡಲೇಬೇಕು ಅನ್ನೋ ಕಟ್ಟುನಿಟ್ಟು ನಮ್ಮಲ್ಲೂ ಬರ್ಬೇಕು, ನಗರದಲ್ಲಿರೋರಿಗಿಂತ ಜಾಸ್ತಿ ನಮ್ಮಂಥ ಹಳ್ಳಿಯೋರಿಗೆ ಅದು ಬೇಕು. ಅಣ್ಣನಂಥ ಕೈ ನಮ್ಮ ತಾಲ್ಲೂಕಲ್ಲೇ ಇದೆ, ಕಮ್ಮಿ ಇರೋದು ಪಾರ್ಟು ಮತ್ತು ಮಾಹಿತಿ.

ಹೊಸ ಪಂಪ್ ಕೂರಿಸೋದು ನಾನು ಅಂದ್ಕೊಂಡಿದ್ದಕ್ಕಿಂತ ಸುಲಭ ಇತ್ತು. ಬಿಚ್ಚುವಾಗ ಪ್ರತಿ ಹಂತದಲ್ಲೂ ಫೋಟೋ ತೆಗೆದಿದ್ದೆ, ಯಾವ ವೈರ್ ಯಾವ ಕಡೆಯಿಂದ ಸುತ್ತಿ ಹೋಗಿದೆ ಅಂತ. ಪಂಪ್ ರಬ್ಬರ್ ಕಿವಿಗಳಲ್ಲಿ ತೂಗು ಹಾಕಿರುತ್ತೆ, ಸಂಪಿನ ಕಡೆ ರಬ್ಬರ್ ಬಾಯಿ, ನೀರು ಹೋಗೋ ಕಡೆ ಇನ್ನೊಂದು. ರಬ್ಬರಿಗೆ ಗ್ರೀಸ್, ತೆಂಗಿನೆಣ್ಣೆ ಏನೂ ಹಚ್ಬೇಡಿ, ಅಂಥಾ ಸೀಲು ಎಣ್ಣೆ ಕುಡಿದ್ರೆ ಉಬ್ಬಿ ಹಾಳಾಗುತ್ತೆ, ಪಾತ್ರೆ ಸೋಪಿನ ನೀರು ಒಂದು ಹನಿ ಸಾಕು ಜಾರಿ ಕೂರೋಕೆ. ಪಕ್ಕದ ರಬ್ಬರ್‌ಗಳನ್ನೂ ಅಣ್ಣ ಬೆರಳು ಆಡಿಸಿ ನೋಡಿದ್ರು, ಗಟ್ಟಿಯಾಗಿದ್ದ ಒಂದನ್ನ ಬದಲಾಯಿಸಿದ್ರು. ತಳದ ಟ್ರೇಯನ್ನ ಒರೆಸಿ ಒಣಗಿಸಿ ವಾಪಸ್ ಹಾಕಿ, ಮಷಿನ್ ಎತ್ತಿ ನಿಲ್ಲಿಸಿ, ಪಕ್ಕದ ತಗಡು ಮುಚ್ಚೋ ಮೊದ್ಲೇ ಸಂಪಿಗೆ ಕೊಡದಲ್ಲಿ ನೀರು ಸುರಿದು ಟಾರ್ಚ್ ಬಿಟ್ಟು ನೋಡಿದ್ವಿ. ಅಪ್ಪಯ್ಯ ನೆಲಕ್ಕೆ ಮಲಗೇ ನೋಡಿದ್ರು. ಎಲ್ಲೂ ಒಂದು ಹನಿ ಇಲ್ಲ.

ತಗಡೆಲ್ಲ ಮುಚ್ಚಿ ಆದ್ಮೇಲೆ ಪ್ಲಗ್ ಕೊಟ್ಟೆ. ಖಾಲಿ ಮಷಿನಿಗೇ ಜಾಸ್ತಿ ಬಿಸಿಯ ಪ್ರೋಗ್ರಾಂ ಹಾಕಿ ಅಣ್ಣ ವೈರಿಗೆ ಕ್ಲಾಂಪ್ ಮೀಟರ್ ಹಿಡ್ಕೊಂಡು ಕೂತ್ರು. ಶುರುವಲ್ಲಿ ಅರ್ಧ ಆಂಪಿಯರೂ ಇಲ್ಲ, ಬರೀ ಮೋಟರ್. ಆಮೇಲೆ ಒಂದು ಸಣ್ಣ ಟಕ್, ರಿಲೇ ಸದ್ದು, ಮೀಟರ್ ಒಮ್ಮೆಗೇ ಹತ್ತರ ಹತ್ರ ಹಾರ್ತು. ಅಮ್ಮಂಗೆ ಮೀಟರಿನ ಲೆಕ್ಕ ಗೊತ್ತಿಲ್ಲ, ಆದ್ರೆ ನಮ್ಮ ಮುಖ ನೋಡೇ "ಆಯ್ತಾ?" ಅಂತ ಕೇಳಿದ್ರು. ನಾಲ್ಕು ಲೀಟರ್ ನೀರನ್ನ 22ರಿಂದ 65ಕ್ಕೆ ಏರಿಸೋಕೆ ಲೆಕ್ಕದ ಪ್ರಕಾರ ಕಾಲು ಯೂನಿಟ್ಟಿಗಿಂತ ಕಮ್ಮಿ ಕರೆಂಟ್ ಸಾಕು, ನೀರಷ್ಟೇ ಆದ್ರೆ ಐದಾರು ನಿಮಿಷದ ಕೆಲಸ, ಆದ್ರೆ ಸ್ಟೀಲ್ ಗೋಡೆ, ಬುಟ್ಟಿ, ಪಾತ್ರೆ ಎಲ್ಲಾ ಜೊತೆಗೆ ಕಾಯ್ಬೇಕಲ್ಲ, ಹಾಗಾಗಿ ಅದಕ್ಕಿಂತ ಸುಮಾರು ಜಾಸ್ತಿನೇ ಹಿಡಿಯುತ್ತೆ. ಮಧ್ಯದಲ್ಲಿ ನಿಲ್ಲಿಸಿ ಥರ್ಮಾಮೀಟರ್ ಹಾಕಿದ್ರೆ 60 ದಾಟಿತ್ತು. ಅಣ್ಣ ಕೂಲಿ ಜಾಸ್ತಿ ತಗೊಳ್ಳಕ್ಕೇ ಒಪ್ಲಿಲ್ಲ, ಹಳೇ ಪಂಪಿನ ಮೋಟರ್ ಬಿಚ್ಚಿ ನೋಡ್ತೀನಿ ಅಂತ ಅದನ್ನ ತಗೊಂಡು ಹೋದ್ರು, ಅಮ್ಮ ಕಡುಬು ಕೋಳಿ ಸಾರು ಬಡಿಸಿ ಕಳಿಸಿದ್ರು.

ಈಗ ಅಪ್ಪಯ್ಯನ ಒಂದು ಪ್ರಶ್ನೆ ಬಾಕಿ ಇದೆ. ಬಚ್ಚಲಲ್ಲಿ ದಿನಾ ಹಂಡೆ ತುಂಬ ಬಿಸಿನೀರು ಕಾಯುತ್ತೆ, ಮೇಲೆ ಸೋಲಾರ್ ಇದೆ, ಅದೇ ನೀರನ್ನ ಮಷಿನಿಗೆ ಕೊಟ್ರೆ ಹೀಟರಿಗೆ ಕೆಲಸನೇ ಕಮ್ಮಿ ಆಗುತ್ತಲ್ಲ ಅಂತ. ತಪ್ಪಲ್ಲ, ತುಂಬಾ ಮಷಿನ್‌ಗಳು 60 ಡಿಗ್ರಿ ತನಕದ ನೀರು ತಗೊಳ್ತವೆ, ಮ್ಯಾನುಯಲಲ್ಲಿ ಬರೆದಿರುತ್ತೆ, ನಮ್ಮದ್ರಲ್ಲೂ ಇದೆ. ಆದ್ರೆ ಬೇಸಿಗೆ ಸೋಲಾರ್ ನೀರು 60 ದಾಟಿ ಹೋಗುತ್ತೆ, ನಡುವೆ ತಣ್ಣೀರು ಬೆರೆಸೋ ವಾಲ್ವ್ ಹಾಕ್ಬೇಕು. ಮಳೆಗಾಲದಲ್ಲಿ ಸೋಲಾರ್ ನೀರು ಉಗುರು ಬೆಚ್ಚಗೂ ಆಗಲ್ಲ. ಹಂಡೆ ನೀರಿಗೆ ಪ್ರೆಶರ್ ಇಲ್ಲ. ಅದೂ ಅಲ್ದೆ ಮೊದಲ ಜಾಲಿಗೆ ತಣ್ಣೀರೇ ಒಳ್ಳೇದು, ಹಾಲು, ಮೊಟ್ಟೆ, ಮೀನಿನ ಅಂಶ ಏಕ್ದಂ ಬಿಸಿನೀರು ತಾಗಿದ್ರೆ ಬೆಂದು ಪಾತ್ರೆಗೆ ಕಚ್ಕೊಳ್ಳುತ್ತೆ. ಹಾಗಾಗಿ ಸದ್ಯಕ್ಕೆ ಅಬ್ಬಿ ತಣ್ಣೀರ ಲೈನೇ ಇರ್ಲಿ ಅಂತ ಬಿಟ್ಟಿದೀವಿ, ಕೊಯ್ಲು ಮುಗಿದು ಬಿಸಿಲು ಬಂದ್ಮೇಲೆ ವಾಲ್ವ್ ಹಾಕಿ ಒಂದ್ಸಲ ನೋಡೋಣ ಅಂತ ಅಪ್ಪಯ್ಯ ಹೇಳ್ತಿದಾರೆ.